ನೇರಳೆಹಣ್ಣು ಅಂದೆ, ನಕ್ಕರು...

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಕೆಲಸ, ಮಗಳ ಪರೀಕ್ಷೆ, ಜೊತೆಗೆ ನನ್ನ ಸೋಮಾರಿತನ. ಕಾರಣಗಳಿಗೇನು ಬರ? ಆದರೆ ಫೆಬ್ರವರಿಯಲ್ಲಿ ನಡೆದದ್ದೊಂದು ಮನಸ್ಸಲ್ಲೇ ಕೊರೀತಾ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ.

ಮದುವೆಯಾಗಿ ಹನ್ನೆರಡು ವರ್ಷ ಆದದ್ದಕ್ಕೆ ಇವರು ಕೊಟ್ಟ ಉಡುಗೊರೆ ಒಂದು ದಿನದ ‘ವೈನ್ ಟೂರ್’. ಬೆಳಿಗ್ಗೆ ಹೆಬ್ಬಾಳದಲ್ಲಿ ಟೆಂಪೋ ಟ್ರಾವೆಲರ್ ಹತ್ತಿದ್ರೆ ನಂದಿಬೆಟ್ಟದ ಸುತ್ತಮುತ್ತ ಎರಡು ಸಣ್ಣ ವೈನರಿ, ಮಧ್ಯೆ ಊಟ, ಸಂಜೆ ವಾಪಸ್. ವಿವರಿಸೋಕೆ ಜೊತೆಗೊಬ್ಬ ಗೈಡ್. ತಲೆಗೆ ಮೂರು ಸಾವಿರದ ಮೇಲೆ!

ನಾನು ಶಿಡ್ಲಘಟ್ಟದವಳು. "ರೀ, ದ್ರಾಕ್ಷಿ ತೋಟ ನೋಡೋಕೆ ದುಡ್ಡು ಕೊಡ್ಬೇಕಾ? ದೊಡ್ಡಪ್ಪನ ಚಪ್ಪರದ ಕೆಳಗೇ ಆಡಿ ಬೆಳೆದವಳು ನಾನು" ಅಂದೆ. "ನಿಮ್ಮ ದೊಡ್ಡಪ್ಪ ವೈನ್ ಕೊಡಲ್ವಲ್ಲೇ" ಅಂದ್ರು. ಅದೂ ನಿಜವೇ :-)

ಮೊದಲೇ ಹೇಳಿಬಿಡ್ತೀನಿ, ದಿನ ಚೆನ್ನಾಗೇ ಇತ್ತು. ಗೈಡ್ ಹುಡುಗ ತಿಳಿದವನು. ಯಾವ ಬಣ್ಣದ ದ್ರಾಕ್ಷಿಯಾದ್ರೂ ಒಳಗಿನ ರಸಕ್ಕೆ ಸಾಮಾನ್ಯವಾಗಿ ಬಣ್ಣ ಇರಲ್ಲವಂತೆ. ಸಿಪ್ಪೆ ಸಮೇತ ಹುಳಿ ಬರಿಸಿದ್ರೆ ಕೆಂಪು ವೈನ್, ಮೊದಲೇ ರಸ ಹಿಂಡಿ ಸಿಪ್ಪೆ ತೆಗೆದ್ರೆ ಬಿಳಿ ವೈನ್. ಇಷ್ಟು ವರ್ಷ ದ್ರಾಕ್ಷಿ ತಿಂದವಳಿಗೆ ಇದು ಗೊತ್ತೇ ಇರಲಿಲ್ಲ. ಕನ್ವಲ್ ಗ್ರೋವರ್ ಅನ್ನೋರು 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ನೆಟ್ಟು, 1992ರಲ್ಲಿ ವೈನ್ ಮಾರುಕಟ್ಟೆಗೆ ತಂದ ಕಥೆಯನ್ನೂ ಹೇಳಿದ. ಆ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ ಬಿಡಿ.

ಆಮೇಲೆ ರುಚಿ ನೋಡೋ ಶಾಸ್ತ್ರ. ಲೋಟ ತಿರುಗಿಸಿ, ಮೂಗು ಹತ್ತಿರ ಇಟ್ಟು, ಏನು ವಾಸನೆ ಬರುತ್ತೆ ಹೇಳಿ ಅಂದ. ಒಬ್ಬರು ಬ್ಲ್ಯಾಕ್‌ಬೆರಿ ಅಂದ್ರು, ಇನ್ನೊಬ್ಬರು ಚೆರ್ರಿ. ನನಗೆ ಅನ್ನಿಸಿದ್ದು ನೇರಳೆಹಣ್ಣು. ನಾಲಗೆ ಸ್ವಲ್ಪ ಒಗರೊಗರಾಗಿ ಹಿಡಿಯೋದೂ ಥೇಟ್ ಹಾಗೇ. ಹೇಳಿದೆ. ಎಲ್ಲರೂ ನಕ್ಕರು. "ನೈಸ್ ಮೇಡಂ, ಆದ್ರೆ ಅದು ಬ್ಲ್ಯಾಕ್‌ಕರಂಟ್" ಅಂದ ಗೈಡ್. ಗಾಡಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಬ್ಲ್ಯಾಕ್‌ಕರಂಟ್ ಹಣ್ಣನ್ನು ಕಣ್ಣಾರೆ ನೋಡಿದವರು ಎಷ್ಟು ಜನ ಇದ್ರೋ! ನಾನಂತೂ ಐಸ್‌ಕ್ರೀಮಲ್ಲಿ ಮಾತ್ರ ನೋಡಿದ್ದೀನಿ.

ಬೇಜಾರಾಗಿದ್ದು ನಕ್ಕಿದ್ದಕ್ಕಲ್ಲ. ನಂದಿಬೆಟ್ಟದ ನೆರಳಲ್ಲಿ, ನಮ್ಮ ಮಣ್ಣಲ್ಲಿ ಬೆಳೆದ ದ್ರಾಕ್ಷಿಗೆ ನಮ್ಮ ಹಣ್ಣಿನ ಹೆಸರು ಹೇಳಿದ್ರೆ ತಪ್ಪು ಉತ್ತರ ಆಗುತ್ತಲ್ಲ, ಅದಕ್ಕೆ.

ಎರಡನೇ ವೈನರಿಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ತಿದ್ದಾಗ ನಾನು ಸಾಲಿನ ತುದಿಗೆ ಹೋದೆ. ಒಬ್ಬ ಹೆಂಗಸು ಕೆಲಸ ಮಾಡ್ತಿದ್ರು. "ಏನಕ್ಕಾ, ಹಣ್ಣಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಅಂದೆ. ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಉತ್ತರ ಬಂತು. ಒಂದು ಹಣ್ಣು ಕಚ್ಚಿ, ಬೀಜ ಅಂಗೈಗೆ ಉಗಿದು ತೋರಿಸಿದ್ರು. ಬೀಜ ಹಸಿರಿದ್ರೆ ಇನ್ನೂ ಕಾಯಿ, ಕಂದು ಆಗಿ ಕಟುಂ ಅಂದ್ರೆ ಹಣ್ಣು. ಬಿಸಿಲೇರೋ ಮುಂಚೆ, ಕತ್ತಲಲ್ಲೇ ಬಂದು ಕೊಯ್ತಾರಂತೆ. ಇಡೀ ದಿನದಲ್ಲಿ ನಾನು ಕಲಿತ ಒಳ್ಳೇ ಪಾಠ ಅದು. ಅದು ಟೂರಿನಲ್ಲಿ ಇರಲೇ ಇಲ್ಲ!

ನಮ್ಮ ಕಡೆಯ ದ್ರಾಕ್ಷಿ ಅಂದ್ರೆ ಬೆಂಗಳೂರು ಬ್ಲೂ. ಕಲ್ಲುಕಂಬದ ಮೇಲೆ ತಂತಿ ಚಪ್ಪರ, ವರ್ಷಕ್ಕೆ ಎರಡು ಬೆಳೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕಿದೆ. "ಅದು ಒಳ್ಳೇ ವೈನ್‌ಗೆ ಆಗಲ್ಲ, ಜ್ಯೂಸಿಗೆ, ಸಿಹಿ ಪೋರ್ಟ್‌ಗೆ ಹೋಗುತ್ತೆ" ಅಂದ ಗೈಡ್. ಅದರ ವಾಸನೆ ಜೋರು, ನಿಜ. ಆದರೆ ಆ ಎರಡು ಮಾತಿನ ಹಿಂದೆ ಎಷ್ಟು ಮನೆಗಳಿವೆ ಅಂತ ಅವನಿಗೆ ಗೊತ್ತಾ? 2020ರ ಲಾಕ್‌ಡೌನಲ್ಲಿ ಕೊಳ್ಳೋರಿಲ್ಲದೆ ದೊಡ್ಡಪ್ಪನ ಹಣ್ಣು ಬಳ್ಳಿಯಲ್ಲೇ ಕೊಳೀತು. ಮಾರನೇ ವರ್ಷ ಬಳ್ಳಿ ಕಿತ್ತು ಹಿಪ್ಪುನೇರಳೆ ಹಾಕಿದ್ರು. ಕಲ್ಲುಕಂಬ ಮಾತ್ರ ಇನ್ನೂ ಬದುವಿನ ಮೇಲೆ ಬಿದ್ದಿವೆ.

ಯಾಕೆ ಹಿಪ್ಪುನೇರಳೆ ಅಂತ ಕೇಳಿದ್ರೆ ದೊಡ್ಡಪ್ಪ ಹೇಳೋದು ಒಂದೇ. ರೇಷ್ಮೆಗೂಡಿಗೆ ಶಿಡ್ಲಘಟ್ಟದಲ್ಲಿ ಸರ್ಕಾರಿ ಮಾರುಕಟ್ಟೆ ಇದೆ. ಹರಾಜಾಗುತ್ತೆ, ರೇಟು ಎಲ್ಲರ ಎದುರಿಗೇ ಗೊತ್ತಾಗುತ್ತೆ, ಬೇಡ ಅನ್ನಿಸಿದ್ರೆ ಒಪ್ಪದೇ ಇರಬಹುದು. ದ್ರಾಕ್ಷಿ ವ್ಯಾಪಾರಿ ತೋಟಕ್ಕೇ ಬಂದು ಬಾಯಿಮಾತಲ್ಲಿ ಒಂದು ರೇಟು ಹೇಳಿ ಹೋಗ್ತಾನೆ. ಕೊಯ್ಲಿನ ಹೊತ್ತಿಗೆ ಮಳೆ ಬಿತ್ತೋ, ರೇಟೂ ಬಿತ್ತು.

ಚಿಕ್ಕಬಳ್ಳಾಪುರ ಜಿಲ್ಲೆಯಾದ 2007ರಲ್ಲೇ ರಾಜ್ಯದ ವೈನ್ ನೀತಿಯೂ ಬಂತು. ಆಗ ಹೇಳಿದ ಮಾತು ದ್ರಾಕ್ಷಿ ಬೆಳೆಗಾರನಿಗೆ ಅನುಕೂಲ ಆಗಲಿ ಅಂತ. ಹಾಗಿದ್ರೆ ಈ ಟೂರಿನಲ್ಲಿ ಆ ಬೆಳೆಗಾರ ಎಲ್ಲಿ? ಬಾಟಲಿ ನೋಡಿದ್ವಿ, ಓಕ್ ಪೀಪಾಯಿ ನೋಡಿದ್ವಿ, ಚೀಸ್ ತಿಂದ್ವಿ. ಬೆಳೆದವರನ್ನ ಯಾರೂ ಪರಿಚಯ ಮಾಡಿಕೊಡಲಿಲ್ಲ.

ಕುಡಿತಕ್ಕೆ ಯಾಕೆ ಇಷ್ಟು ವಕಾಲತ್ತು ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರ, ಗೊತ್ತು. ಕುಡಿತದಿಂದ ಹಾಳಾದ ಮನೆಗಳನ್ನ ನಾನೂ ನಮ್ಮ ಬೀದಿಯಲ್ಲೇ ನೋಡಿದ್ದೀನಿ. ಎಲ್ಲರೂ ಕುಡೀರಿ ಅಂತ ನಾನು ಹೇಳ್ತಿಲ್ಲ. ಟೂರ್‌ಗಳು ಹೇಗೂ ನಡೀತಿವೆ. ನಡೆಯೋದು ಸರಿಯಾಗಿ ನಡೀಲಿ ಅನ್ನೋದಷ್ಟೇ ನನ್ನ ಮಾತು.

ಸರಿಯಾಗಿ ಅಂದ್ರೆ ಹೇಗೆ? ದಿನದಲ್ಲಿ ಒಂದು ಗಂಟೆ ಅಕ್ಕಪಕ್ಕದ ಯಾವುದಾದ್ರೂ ರೈತನ ಚಪ್ಪರದ ಕೆಳಗೆ ಕರ್ಕೊಂಡು ಹೋಗಿ. ನಮ್ಮಿಂದ ತಗೊಂಡ ದುಡ್ಡಲ್ಲಿ ಅವರಿಗೂ ಒಂದು ಪಾಲು ಕೊಡಿ. ಆ ಬೀಜ ಕಚ್ಚಿ ತೋರಿಸಿದ ಅಕ್ಕನ ಕೈಲಿ ಹತ್ತು ನಿಮಿಷ ಮಾತಾಡಿಸಿ, ಆ ಮಾತಿಗೂ ಕೂಲಿ ಕೊಡಿ. ಕನ್ನಡದಲ್ಲಿ ವಿವರಿಸೋ ಒಂದು ಟೂರಾದ್ರೂ ಇರಲಿ. ನೇರಳೆ, ಹುಣಸೆ, ಒದ್ದೆ ಮಣ್ಣು, ಹಳೇ ಬೆಲ್ಲ, ನಮ್ಮ ಮೂಗಿಗೂ ನೆನಪುಗಳಿವೆ ಸ್ವಾಮಿ! ಇದರಿಂದ ವೈನರಿಗಳಿಗೆ ನಷ್ಟ ಏನೂ ಇಲ್ಲ. ಸಣ್ಣ ವೈನರಿ ಹತ್ತಿರ ಇರೋದೇ ಊರಿನ ಕಥೆ. ಅದನ್ನೇ ಬಿಟ್ಟು ಫ್ರಾನ್ಸಿನ ಕಥೆ ಹೇಳಿದ್ರೆ, ಅದನ್ನ ಫ್ರಾನ್ಸಿನವರು ಇನ್ನೂ ಚೆನ್ನಾಗಿ ಹೇಳ್ತಾರೆ.

ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ವೈನ್ ವಿಷಯ ನುಂಗಿಕೊಂಡು, "ನಂದಿ ಕಡೆ ದ್ರಾಕ್ಷಿ ತೋಟ ನೋಡ್ಕೊಂಡು ಬಂದ್ವಿ" ಅಂದೆ.

"ನೋಡಕ್ಕೂ ದುಡ್ಡು ಇಸ್ಕೊಂಡ್ರೇನಮ್ಮಾ?"

"ಹೂಂ ದೊಡ್ಡಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು, "ಮೊದ್ಲೇ ಗೊತ್ತಿದ್ರೆ ಚಪ್ಪರ ಕೀಳ್ತಿರಲಿಲ್ಲ ಬಿಡು."

ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಯಾಕೋ ನಗು ಬರಲಿಲ್ಲ. ನೀವು ಯಾರಾದ್ರೂ ಇಂಥ ಟೂರಿಗೆ ಹೋಗಿದ್ರೆ ಹೇಳಿ, ನಿಮಗೆ ಯಾವ ಹಣ್ಣಿನ ವಾಸನೆ ಬಂತು?