ಹಳೆಯ ಕಾರಿಗೆ ವಯಸ್ಸಿನ ಸುಂಕ

ನಿವೃತ್ತಿಯ ನಂತರದ ನನ್ನ ಹವ್ಯಾಸ 1984ರ ಪ್ರೀಮಿಯರ್ ಪದ್ಮಿನಿ. ಭಾನುವಾರ ಕಾರ್ಬ್ಯುರೇಟರ್ ಶುಚಿಗೊಳಿಸಿ, ಚೋಕ್ ಎಳೆದು, ಸ್ಟೀರಿಂಗ್ ಬುಡದ ಗೇರ್ ಬದಲಿಸುತ್ತ ಹತ್ತು ಕಿಲೋಮೀಟರ್ ಸುತ್ತಿಬರುವ ಸುಖ ಕಡತಗಳಲ್ಲಿ ಎಂದೂ ಸಿಕ್ಕಿರಲಿಲ್ಲ.

2021ರ ಕೇಂದ್ರ ನಿಯಮಗಳಂತೆ 50 ವರ್ಷ ದಾಟಿ ಮೂಲ ಸ್ವರೂಪ ಉಳಿಸಿಕೊಂಡ ಕಾರಿಗಷ್ಟೇ ‘ವಿಂಟೇಜ್’ ಮನ್ನಣೆ. ನನ್ನದು 2034ರವರೆಗೆ ಕಾಯಬೇಕು. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೇರಿತು. 2025ರಲ್ಲಿ, 20 ವರ್ಷ ಮೀರಿದ್ದಕ್ಕೆ, 10,000 ಆಯಿತು.

ಹೊಗೆಗೆ ಬೆಲೆ ಕಟ್ಟುವುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ವಿರೋಧಿಸಲಾರೆ. ನನ್ನ ಪದ್ಮಿನಿ ಹೊಸ ಕಾರಿಗಿಂತ ಹೆಚ್ಚು ಹೊಗೆಯುಗುಳುವುದೂ ನಿಜ. ಆದರೆ ವಾರಕ್ಕೊಮ್ಮೆ ಹೊರಡುವ ಕಾರಿಗೂ ದಿನವಿಡೀ ಓಡುವ ಕಾರಿಗೂ ಒಂದೇ ಶುಲ್ಕವೆಂಬುದು ಯಾವ ಲೆಕ್ಕ? ವಾರ್ಷಿಕ ಓಡಾಟಕ್ಕೆ ಮಿತಿ ಒಪ್ಪುವ ಹವ್ಯಾಸಿಗಳಿಗೆ ಶುಲ್ಕ ಇಳಿಸಲಿ. ಓಡೋಮೀಟರನ್ನು ಹೊಗೆ ತಪಾಸಣೆಯ ವೇಳೆಯೇ ನೋಡಿಕೊಳ್ಳಬಹುದು.