ಹೂಳುವ ಮೊದಲು ದೂರು ಕೊಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ, ನಾಯಿಯನ್ನು ಹಿಂಸಿಸಿದವರ ಮೇಲೆ ದೂರು ಕೊಡಿ ಎಂದಾಗಲೆಲ್ಲ ಅವೇ ಐದು ಮಾತು ಎದುರಾಗುತ್ತವೆ. ಒಂದೊಂದಾಗಿ ಉತ್ತರ ಹೇಳುತ್ತೇನೆ.

“ನಾಯಿ ಸತ್ರ ಏನಾತು? ಮೊದಲ ಮಂದಿನ್ನ ನೋಡ್ರಿ.”

ಮಂದಿಯನ್ನೇ ನೋಡೋಣ. ನಾಯಿ ಕಚ್ಚಿದ ಮಗುವಿನ ತಾಯಿಯ ಸಂಕಟ ಸಣ್ಣದಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಡಿಗೆ ಹಿಡಿದು ರೇಬಿಸ್ ಓಡಿಸಲು ಆಗದು, ಅದಕ್ಕೆ ಲಸಿಕೆಯೇ ಬೇಕು. ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದ ಗೋವಾ ಇದೇ ದಾರಿ ಹಿಡಿದು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯವಾಯಿತು. ಲಸಿಕೆ ಹಾಕಿದ ನಾಯಿಯನ್ನು ಕೊಂದರೆ ಆ ಜಾಗಕ್ಕೆ ಲಸಿಕೆ ಕಾಣದ ಇನ್ನೊಂದು ಬಂದು ಸೇರುತ್ತದೆ. ಅದರಿಂದ ಅಪಾಯ ಮಂದಿಗೇ.

“ಐವತ್ತು ರೂಪಾಯಿ ದಂಡಕ್ಕ ಯಾರು ಸ್ಟೇಷನ್ ಹತ್ತಬೇಕು?”

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂಬುದು ನಿಜ. ಅದು ನಾಚಿಕೆಗೇಡು, ತಿದ್ದಲೇಬೇಕು. ಆದರೆ ಕಾನೂನು ಅಲ್ಲಿಗೇ ಮುಗಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ, ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ಲೆಕ್ಕ ಹಾಕುತ್ತಿತ್ತು. ಹೊಸ ಕಲಂ ಆ ಲೆಕ್ಕವನ್ನು ಕೈಬಿಟ್ಟಿದೆ.

“ಬೀದಿ ನಾಯಿಗೆ ಮಾಲೀಕರ ಇಲ್ಲ, ದೂರು ಕೊಡೋರು ಯಾರು?”

ಬಸ್ ನಿಲ್ದಾಣದ ಹತ್ತಿರ ಯಾರೋ ಕುದಿಯುವ ನೀರು ಎರಚಿದ ನಾಯಿಯೊಂದನ್ನು ನಾನು ಕಂಡಿದ್ದೇನೆ. ಬೆನ್ನ ಮೇಲಿನ ಕೂದಲು ತೊಗಲಿನ ಸಮೇತ ಸುಲಿದುಹೋಗಿತ್ತು. ಹಸಿ ಗಾಯಕ್ಕೆ ನೊಣ ಮುತ್ತಿದ್ದವು. ಮಲಗಲು ಹೋಗುವುದು, ನೆಲ ತಾಗಿದ ಕೂಡಲೇ ಚೀರಿ ಏಳುವುದು. ಕೊನೆಗೆ ನಿಂತಲ್ಲೇ ತೂಕಡಿಸುತ್ತಿತ್ತು. ಆ ನೋವಿಗೆ ಮಾಲೀಕರ ಹೆಸರು ಬೇಕೇ? 1960ರ ಕಾಯ್ದೆಯ 11ನೇ ಕಲಂ ಮಾಲೀಕರು ಯಾರೆಂದು ಕೇಳುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿ ನಾಯಿಯನ್ನು ಸಮುದಾಯದ ಪ್ರಾಣಿ ಎಂದೇ ಗುರುತಿಸುತ್ತವೆ. ಕಣ್ಣಾರೆ ಕಂಡ ಯಾರು ಬೇಕಾದರೂ ದೂರು ಕೊಡಬಹುದು.

“ಸುಪ್ರೀಂ ಕೋರ್ಟೇ ನಾಯಿ ತೆಗೀರಿ ಅಂದೈತಿ.”

ಕೊಲ್ಲಿ ಎಂದು ಹೇಳಿಲ್ಲ. 2025ರ ಆಗಸ್ಟ್ 22ರ ಆದೇಶ ಹೇಳಿದ್ದು ಇಷ್ಟು: ಹಿಡಿದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ರೇಬಿಸ್ ತಗುಲಿದ, ತೀರಾ ಆಕ್ರಮಣಕಾರಿಯಾದ ನಾಯಿಗಳನ್ನು ಬಿಡುವಂತಿಲ್ಲ. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಆಶ್ರಯ ತಾಣಗಳಿಗೆ ಸಾಗಿಸಲು ಹೇಳಿತು. ಈ ಕೆಲಸ ಸ್ಥಳೀಯ ಸಂಸ್ಥೆಗಳದ್ದು. ಬಡಿಗೆ ಎತ್ತಲು, ವಿಷದ ತುತ್ತು ಇಡಲು ಯಾರಿಗೂ ಪರವಾನಗಿ ಸಿಕ್ಕಿಲ್ಲ.

“ಪೊಲೀಸರಿಗೆ ಬ್ಯಾರೆ ಕೆಲಸ ಇಲ್ಲೇನು?”

ಇದೂ ಅವರ ಕೆಲಸವೇ. 325ನೇ ಕಲಮಿನ ಅಪರಾಧದಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಕ್ರಮ ಕೈಗೊಳ್ಳಬಹುದು. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತಿದ್ದಾರೆಂಬ ದೂರು ಬಂದಾಗ, ಪೊಲೀಸರು ಪ್ರಕರಣ ದಾಖಲಿಸಿದರು. ಪ್ರಾಣಿಪ್ರಿಯರು ಸುಮ್ಮನಿದ್ದಿದ್ದರೆ ಆ ಪಾಪ ಮಣ್ಣಿನಡಿಯಲ್ಲೇ ಉಳಿಯುತ್ತಿತ್ತು.

ನಮ್ಮ ಸೀಮೆಯಲ್ಲಿ ಕುರಿ ಹಿಂಡನ್ನು ತೋಳದಿಂದ ಕಾಯುವುದು ನಾಯಿ. ರಾತ್ರಿ ಹೊಲ, ತೋಟ ಕಾಯುವುದೂ ನಾಯಿಯೇ. ಬಸವಣ್ಣ ಹುಟ್ಟಿದ ನೆಲ ಇದು. ಕರುಣೆಯ ಮಾತನ್ನು ನಾವು ಹೊರಗಿನವರಿಂದ ಕಲಿಯಬೇಕಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ನಾಯಿಗೆ ವಿಷ ಹಾಕಿದ್ದು ಗೊತ್ತಾದರೆ ಫೋಟೋ, ವಿಡಿಯೊ ತೆಗೆಯಿರಿ. ಉಳಿದ ತುತ್ತನ್ನು ಬರಿಗೈಯಿಂದ ಮುಟ್ಟದೆ ಪೊಲೀಸರಿಗೆ ತೋರಿಸಿ. ಕಂಡವರ ಹೆಸರು ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ದೂರು ಪಡೆಯದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಪಂಚನಾಮೆ ಆಗಿ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮುಗಿಸುವವರೆಗೆ ಆ ಕಳೇಬರವನ್ನು ಹೂಳಬೇಡಿ. ಬಾಯಿಲ್ಲದ ಆ ಜೀವದ ಪರವಾಗಿ ಉಳಿಯುವ ಸಾಕ್ಷಿ ಅದೇ.