ಏಣಿ ಹತ್ತಿದವಳು

ಮೊದಲನೆಯ ಮಹಾಯುದ್ಧದ ಒಂದು ಕಂದಕ. ಕಾಲಡಿಯಲ್ಲಿ ಕೆಸರು, ಗೋಡೆಗೆ ಒರಗಿ ಕೂತ ಸುಸ್ತಾದ ಸಿಪಾಯಿಗಳು. ಮೇಲೆ ತಲೆ ಎತ್ತಿದರೆ ಮುಳ್ಳುತಂತಿ ಹರಡಿದ ಸುಟ್ಟ ಬಯಲು; ಅದರಾಚೆ ಜರ್ಮನ್ನರ ಮೆಷಿನ್ ಗನ್ನುಗಳು. ಇಂಥ ಬಯಲಿಗೆ ಇಂಗ್ಲಿಷಿನವರು ಇಟ್ಟ ಹೆಸರು 'ನೋ ಮ್ಯಾನ್ಸ್ ಲ್ಯಾಂಡ್'. ಒಂದು ವರ್ಷದಿಂದ ಅಲ್ಲಿ ಬಿದ್ದುಕೊಂಡಿರುವ ಪಡೆ ಒಂದಿಂಚು ಮುಂದೆ ಹೋಗಿಲ್ಲ. ಮಗುವನ್ನು ಅವುಚಿಕೊಂಡ ಹೆಂಗಸೊಬ್ಬಳು ಡಯಾನಾಳ ಎದುರು ಆಚೆಬದಿಯ ತನ್ನ ಹಳ್ಳಿಯ ಗೋಳು ಹೇಳಿಕೊಳ್ಳುತ್ತಾಳೆ. ಜೊತೆಗಾರ ಸ್ಟೀವ್ ಟ್ರೆವರ್, ನಾವು ಬಂದ ಕೆಲಸ ಅದಲ್ಲ, ಎಲ್ಲರನ್ನೂ ಉಳಿಸಲಾಗುವುದಿಲ್ಲ ಎನ್ನುತ್ತಾನೆ. ಅವನು ಹೇಳುವುದೇನೂ ಸುಳ್ಳಲ್ಲ. ಡಯಾನಾ ಬೆನ್ನು ತಿರುಗಿಸಿ, ಕೂದಲು ಬಿಚ್ಚಿ, ಹಣೆಪಟ್ಟಿ ಕಟ್ಟಿಕೊಂಡು, ಮೇಲಂಗಿ ಕಳಚಿ ಏಣಿ ಹತ್ತುತ್ತಾಳೆ.

2017ರಲ್ಲಿ ತೆರೆಕಂಡ 'ವಂಡರ್ ವುಮನ್' ಚಿತ್ರದ ಈ ಭಾಗವನ್ನು ನೋಡಿ ಚಿತ್ರಮಂದಿರದಲ್ಲಿ ಕಣ್ಣೀರು ಒರೆಸಿಕೊಂಡ ಹೆಂಗಸರು ಎಷ್ಟೋ ಮಂದಿ. ಗುಂಡು, ಗುರಾಣಿ, ಹಾರಾಟದ ಚಿತ್ರದಲ್ಲಿ ಅಳು ಏಕೆ ಬರಬೇಕು? ಇದಕ್ಕೆ ಉತ್ತರ ಹುಡುಕುವುದೇ ಈ ಚಿತ್ರವನ್ನು ಮೆಚ್ಚುವ ದಾರಿ ಎಂದು ನನಗನ್ನಿಸಿದೆ.

ಮೊದಲು ಗಮನಿಸಬೇಕಾದ್ದು, ಆ ಬಯಲಿನಲ್ಲಿ ಅವಳು ಯಾರನ್ನೂ ಹೊಡೆಯುವುದಿಲ್ಲ. ಅತಿಮಾನುಷ ನಾಯಕರ ಚಿತ್ರಗಳಲ್ಲಿ ಖಳನೊಬ್ಬ ಎದುರಿಗೆ ನಿಲ್ಲಬೇಕು, ನಾಯಕ ಅವನನ್ನು ಬಡಿಯಬೇಕು, ಅದು ರೂಢಿ. ಇಲ್ಲಿ ಎದುರಿಗೆ ಮುಖವೇ ಇಲ್ಲ, ಬರಿಯ ಗುಂಡು. ಮೊದಲನೆಯದನ್ನು ಅವಳು ಕೈಕಡಗದಿಂದ ತಡೆಯುತ್ತಾಳೆ. ಆಮೇಲೆ ಗುರಾಣಿಯ ಹಿಂದೆ ಮಂಡಿಯೂರಿ, ಇಡೀ ಸಾಲಿನ ಗುಂಡಿನ ಮಳೆಯನ್ನು ತನ್ನ ಮೇಲೆ ಎಳೆದುಕೊಂಡು ಅಲ್ಲೇ ನಿಂತುಬಿಡುತ್ತಾಳೆ. ಗುಂಡೆಲ್ಲ ಅವಳ ಕಡೆಗೆ ತಿರುಗಿದೆ ಎಂಬುದು ಹೊಳೆದ ಕೂಡಲೇ ಸ್ಟೀವ್ ಕಂದಕದಿಂದ ಹಾರುತ್ತಾನೆ, ಅವನ ಹಿಂದೆ ಉಳಿದವರು. ಒಬ್ಬಳು ತಡೆದು ನಿಂತದ್ದರಿಂದ ನೂರು ಜನಕ್ಕೆ ದಾರಿಯಾಯಿತು. ಹೊಡೆಯುವುದಕ್ಕಿಂತ ತಡೆಯುವುದನ್ನು ಪರಾಕ್ರಮವಾಗಿ ತೋರಿಸಿದ ಈ ಜಾತಿಯ ಚಿತ್ರ ನನಗೆ ಬೇರೊಂದು ನೆನಪಾಗುವುದಿಲ್ಲ.

ಈ ದೃಶ್ಯ ಚಿತ್ರದಲ್ಲಿ ಉಳಿದದ್ದು ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಅವರ ಹಟದಿಂದ. ಚಿತ್ರತಂಡದ ಕೆಲವರಿಗೇ ಅದು ಅರ್ಥವಾಗಿರಲಿಲ್ಲವಂತೆ. ಖಳನಿಲ್ಲದೆ ಅವಳು ಹೋರಾಡುವುದು ಯಾರೊಡನೆ, ಎಷ್ಟು ಗುಂಡು ತಡೆಯುವುದನ್ನು ಜನ ನೋಡಿಯಾರು ಎಂಬ ಪ್ರಶ್ನೆ. ಜೆಂಕಿನ್ಸ್ ದೃಶ್ಯವನ್ನು ತಾವೇ ಚಿತ್ರ ಬರೆದು ತೋರಿಸಿ ಒಪ್ಪಿಸಬೇಕಾಯಿತು. ಇದೇ ಜೆಂಕಿನ್ಸ್ 2003ರಲ್ಲಿ 'ಮಾನ್‌ಸ್ಟರ್' ಮಾಡಿದ್ದರು. ಅದರ ನಟಿ ಚಾರ್ಲಿಜ್ ಥೆರಾನ್ ಆಸ್ಕರ್ ಗೆದ್ದರು. ಅಂಥ ಚಿತ್ರ ಕೊಟ್ಟ ನಿರ್ದೇಶಕಿಯ ಮುಂದಿನ ಚಿತ್ರ ತೆರೆಗೆ ಬರಲು 14 ವರ್ಷ ಹಿಡಿಯಿತು.

ಡಯಾನಾ ಕಾದದ್ದು ಅದಕ್ಕೂ ಹೆಚ್ಚು. ಅವಳು ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿದ್ದು 1941ರಲ್ಲಿ. ಅವಳನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುವುದನ್ನು ಅಳೆಯಲು ಹೊರಟವನು. ಸುಳ್ಳುಪತ್ತೆ ಯಂತ್ರದ ಮೂಲದಲ್ಲಿ ಅವನ ಕೆಲಸವೂ ಇದೆ. ಸಿಕ್ಕಿಕೊಂಡವರ ಬಾಯಲ್ಲಿ ನಿಜ ಹೊರಡಿಸುವ ಹಗ್ಗವನ್ನು ಅವನ ನಾಯಕಿ ಸೊಂಟಕ್ಕೆ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ! 1975ರಿಂದ 1979ರವರೆಗೆ ಲಿಂಡಾ ಕಾರ್ಟರ್ ಟೆಲಿವಿಷನ್ನಿನಲ್ಲಿ ಅವಳಾದರು. ಆದರೆ ಅವಳದೇ ಹೆಸರಿನ ದೊಡ್ಡ ಚಿತ್ರ ಥಿಯೇಟರಿಗೆ ಬರಲು 76 ವರ್ಷ ಬೇಕಾಯಿತು. ಅಷ್ಟರಲ್ಲಿ ಸೂಪರ್‌ಮನ್ನೂ ಬ್ಯಾಟ್‌ಮನ್ನೂ ಎಷ್ಟು ಸಲ ಬಂದು ಹೋದರೆಂದು ಲೆಕ್ಕ ಹಾಕಬೇಕಾಗುತ್ತದೆ. (ನಮ್ಮ ಬೊಂಬಾಯಿಯಲ್ಲಿ ನಾಡಿಯಾ ಮುಖವಾಡ ಹಾಕಿ, ಚಾವಟಿ ಬೀಸಿ 'ಹಂಟರ್‌ವಾಲಿ'ಯಾದದ್ದು 1935ರಲ್ಲಿ, ಅಂದರೆ ಡಯಾನಾ ಕಾಗದದ ಮೇಲೆ ಹುಟ್ಟುವುದಕ್ಕೂ ಆರು ವರ್ಷ ಮೊದಲು. ಹಾಲಿವುಡ್ಡಿನವರಿಗೆ ಯಾರಾದರೂ ಇದನ್ನು ತಿಳಿಸಬೇಕಿತ್ತು.)

ತಡವಾದದ್ದಕ್ಕೆ ಒಂದು ಸಿದ್ಧ ಕಾರಣವಿತ್ತು. 1984ರ 'ಸೂಪರ್‌ಗರ್ಲ್', 2004ರ 'ಕ್ಯಾಟ್‌ವುಮನ್', 2005ರ 'ಎಲೆಕ್ಟ್ರಾ' ಮೂರೂ ಸೋತವು. ಹೆಣ್ಣು ನಾಯಕಿಯಾದರೆ ಜನ ಬರುವುದಿಲ್ಲ ಎಂದು ತೀರ್ಪಾಯಿತು. ಆ ಮೂರೂ ಕೆಟ್ಟ ಚಿತ್ರಗಳು ಎಂಬುದು ಲೆಕ್ಕಕ್ಕೆ ಬರಲಿಲ್ಲ. 1997ರ ಬ್ಯಾಟ್‌ಮನ್ ಚಿತ್ರವೂ ನಗೆಪಾಟಲಾಗಿತ್ತು. ಆದರೆ ಗಂಡಸರ ಕಾಲ ಮುಗಿಯಿತೆಂದು ಯಾರೂ ಹೇಳಲಿಲ್ಲ, 2005ರಲ್ಲಿ ಅವನಿಗೆ ಹೊಸ ವೇಷ ಹಾಕಿ ಮತ್ತೆ ಕರೆತಂದರು. 'ವಂಡರ್ ವುಮನ್' ಕೂಡ ಸೋತಿದ್ದರೆ ಇನ್ನೆಷ್ಟು ವರ್ಷ ಬಾಗಿಲು ಮುಚ್ಚುತ್ತಿತ್ತೋ! ಸುಮಾರು 15 ಕೋಟಿ ಡಾಲರ್ ಖರ್ಚಿನ ಚಿತ್ರ ಲೋಕದ ತುಂಬ 82 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಎರಡೇ ವರ್ಷದಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಬಂದು ನೂರು ಕೋಟಿ ದಾಟಿತು.

ಗಲ್ಲಾಪೆಟ್ಟಿಗೆಯ ಮಾತು ಸಾಕು. ಚಿತ್ರದ ಆರಂಭದಲ್ಲಿ ಹೆಂಗಸರೇ ಇರುವ ದ್ವೀಪವೊಂದಿದೆ, ಥೆಮಿಸ್ಕಿರಾ. ಅಲ್ಲಿ ಕುದುರೆ ಓಡಿಸುವವರು, ಬಿಲ್ಲು ಎಳೆಯುವವರು ಗಾಜಿನ ಬೊಂಬೆಗಳಲ್ಲ. ಹಲವರು ನಿಜವಾದ ಕ್ರೀಡಾಪಟುಗಳು; ಮುಷ್ಟಿಯುದ್ಧದ ಚಾಂಪಿಯನ್ ಆ್ಯನ್ ವುಲ್ಫ್ ಅವರಲ್ಲಿ ಒಬ್ಬರು. ಸೇನಾನಿ ಆ್ಯಂಟಿಯೊಪಿಯಾಗಿ ಬರುವ ರಾಬಿನ್ ರೈಟ್ ಐವತ್ತರ ಆಸುಪಾಸಿನವರು. ಹಣೆಯ ಗೆರೆಯನ್ನು ಬಚ್ಚಿಡದ ಆ ಮುಖವನ್ನು ಕ್ಯಾಮೆರಾ ಗೌರವದಿಂದ ನೋಡುತ್ತದೆ. ಡಯಾನಾಳ ಉಡುಪು ಚಿಕ್ಕದೇ. ಆದರೂ ಕ್ಯಾಮೆರಾ ಅವಳನ್ನು ಅಡಿಯಿಂದ ಮುಡಿಯವರೆಗೆ ಸವರಿಕೊಂಡು ಹೋಗುವ ಚಾಳಿಗೆ ಬಿದ್ದಿಲ್ಲ. ಜೇಮ್ಸ್ ಕ್ಯಾಮೆರಾನ್ ಇದನ್ನು ಒಪ್ಪಲಿಲ್ಲ. ತಮ್ಮ 'ಟರ್ಮಿನೇಟರ್' ಚಿತ್ರದ ಸಾರಾ ಕಾನರ್ ಎದುರು ಇದು ಹಿಂದಿಟ್ಟ ಹೆಜ್ಜೆ ಎಂದರು. ಬಲಶಾಲಿ ಹೆಣ್ಣು ಒಂದೇ ಅಚ್ಚಿನಲ್ಲಿ ಇರಬೇಕಾಗಿಲ್ಲ ಎಂಬುದು ಜೆಂಕಿನ್ಸ್ ಕೊಟ್ಟ ಉತ್ತರದ ಸಾರ. ನನ್ನ ಮತ ಜೆಂಕಿನ್ಸ್ ಅವರಿಗೆ. ಗಂಡಸಿನ ಹಾಗೆ ಹಲ್ಲು ಕಚ್ಚಿಕೊಂಡರೆ ಮಾತ್ರ ಧೀರೆ ಎನ್ನುವುದಾದರೆ ಅದೂ ಒಂದು ಪಂಜರವೇ. ಅಂದಹಾಗೆ, ಕೆಲವು ದೃಶ್ಯಗಳನ್ನು ಮತ್ತೆ ಚಿತ್ರೀಕರಿಸುವಾಗ ಗಾಲ್ ಗ್ಯಾಡೊಟ್ ಐದು ತಿಂಗಳ ಗರ್ಭಿಣಿ. ಹೊಟ್ಟೆಯ ಭಾಗಕ್ಕೆ ಹಸಿರು ಬಟ್ಟೆ ಹೊಲಿದು, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಅಳಿಸಿದರು.

ಆದರೆ ನನಗೆ ಈ ಚಿತ್ರ ಪ್ರಿಯವಾಗಿರುವುದು ಇನ್ನೂ ಸಣ್ಣ ಸಂಗತಿಗಳಿಗಾಗಿ. ಲಂಡನ್ನಿಗೆ ಬಂದ ಡಯಾನಾ ಬೀದಿಯಲ್ಲಿ ಮಗುವನ್ನು ಕಂಡು ಎಲ್ಲ ಬಿಟ್ಟು ಓಡುತ್ತಾಳೆ. ಅವಳ ದ್ವೀಪದಲ್ಲಿ ಮಕ್ಕಳೇ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಮೊದಲ ಸಲ ಐಸ್‌ಕ್ರೀಮ್ ತಿಂದು, ಮಾರುವವನಿಗೆ ನೀನು ನಿನ್ನ ಕೆಲಸದ ಬಗ್ಗೆ ಹೆಮ್ಮೆಪಡಬೇಕು ಎಂದು ಮನಸಾರೆ ಹೇಳುತ್ತಾಳೆ. ಅಂಗಡಿಯಲ್ಲಿ ಒಂದಾದ ಮೇಲೊಂದು ಲಂಗ ತೊಟ್ಟು, ಇದರಲ್ಲಿ ಕಾಲೆತ್ತಿ ಒದೆಯುವುದು ಹೇಗೆ ಎಂದು ಪರೀಕ್ಷಿಸುತ್ತಾಳೆ. ಕಾರ್ಯದರ್ಶಿ ಎಟ್ಟಾ ತನ್ನ ಕೆಲಸವನ್ನು ವಿವರಿಸಿದರೆ, ನಮ್ಮಲ್ಲಿ ಇದನ್ನು ಗುಲಾಮಗಿರಿ ಎನ್ನುತ್ತಾರೆ ಎಂದುಬಿಡುತ್ತಾಳೆ. ಇಲ್ಲೆಲ್ಲ ನಗು ಬರುತ್ತದೆ, ಆದರೆ ಅವಳನ್ನು ಪೆದ್ದು ಮಾಡಿ ನಗಿಸಿಲ್ಲ. ನಾವು ರೂಢಿಯೆಂದು ನುಂಗಿಕೊಂಡದ್ದನ್ನು ಅವಳು ಹೊಸ ಕಣ್ಣಿನಿಂದ ನೋಡುತ್ತಾಳೆ, ಅಷ್ಟೆ. ನೂರಾರು ಸಿಪಾಯಿಗಳನ್ನು ಸಾಯಲು ಕಳಿಸುವ ತೀರ್ಮಾನವನ್ನು ಇಸ್ತ್ರಿ ಮಾಡಿದ ಸಮವಸ್ತ್ರದವರು ಬೆಚ್ಚಗಿನ ಕೋಣೆಯಲ್ಲಿ ಕೂತು ಮಾಡಿದಾಗ, ಅವಳಿಗೆ ಬರುವ ಸಿಟ್ಟೂ ಅದೇ ಕಣ್ಣಿನದು.

ಜೊತೆಗಾರರೂ ಲೆಕ್ಕಭರ್ತಿಗೆ ಬಂದವರಲ್ಲ. ಸ್ಕಾಟ್ಲೆಂಡಿನ ಚಾರ್ಲಿ ಗುರಿಕಾರ. ಆದರೆ ಕಂಡದ್ದೆಲ್ಲ ಮನಸ್ಸಿನಲ್ಲಿ ಕೂತು ಈಗ ಬಂದೂಕಿನ ಕುದುರೆ ಎಳೆಯಲು ಬೆರಳು ಏಳುವುದಿಲ್ಲ. ರಾತ್ರಿ ಬೆಚ್ಚಿ ಏಳುತ್ತಾನೆ. ತಾನು ಉಪಯೋಗಕ್ಕೆ ಬಾರದವನು, ಹಿಂದೆಯೇ ಉಳಿಯುತ್ತೇನೆ ಎಂದಾಗ ಡಯಾನಾ ಕೇಳುವುದು, ಹಾಗಾದರೆ ನಮಗೆ ಹಾಡು ಹೇಳುವವರು ಯಾರು ಎಂದು. ಅಮೆರಿಕದ ಮೂಲನಿವಾಸಿಯಾದ 'ಚೀಫ್' ತನ್ನ ಜನರಿಗೆ ಈಗ ಏನೂ ಉಳಿದಿಲ್ಲ ಎನ್ನುತ್ತಾನೆ. ಕಸಿದುಕೊಂಡವರು ಯಾರೆಂದು ಅವಳು ಕೇಳಿದರೆ, ಮಲಗಿರುವ ಸ್ಟೀವ್‌ನ ಕಡೆ ನೋಡಿ ಅವನ ಜನ ಎನ್ನುತ್ತಾನೆ. ಮುಂದೆ ಭಾಷಣವಿಲ್ಲ.

ಸ್ಟೀವ್ ಪಾತ್ರದ ಕ್ರಿಸ್ ಪೈನ್ ಅವರನ್ನು ಮರೆಯಬಾರದು. ತನಗಿಂತ ಬಲಶಾಲಿಯಾದ ಹೆಣ್ಣಿನ ಪಕ್ಕ ಕುಗ್ಗದೆ, ಅಸೂಯೆಪಡದೆ ನಿಲ್ಲುವ ಗಂಡಸಿನ ಪಾತ್ರ ಸುಲಭದ್ದಲ್ಲ. ವೆಲ್ಡ್ ಎಂಬ ಆ ಹಳ್ಳಿ ಬಿಡುಗಡೆಯಾದ ರಾತ್ರಿ ಹಿಮ ಬೀಳುತ್ತದೆ; ಚಾರ್ಲಿ ಹಾಡುತ್ತಾನೆ, ಇವರಿಬ್ಬರೂ ಚೌಕದಲ್ಲಿ ಮೆಲ್ಲಗೆ ಹೆಜ್ಜೆ ಹಾಕುತ್ತಾರೆ. ಹೆಚ್ಚು ಹೊತ್ತಾಗುವುದಿಲ್ಲ, ಅದೇ ಹಳ್ಳಿಯ ಮೇಲೆ ವಿಷಾನಿಲ. ಅವಳು ಪ್ರಾಣದ ಹಂಗು ತೊರೆದು ಉಳಿಸಿದವರೆಲ್ಲ ಬೀದಿಯಲ್ಲಿ ಹೆಣವಾಗಿರುತ್ತಾರೆ.

ಯುದ್ಧದೇವತೆ ಆರೆಸ್‌ನನ್ನು ಕೊಂದರೆ ಯುದ್ಧ ನಿಲ್ಲುತ್ತದೆಂದು ಡಯಾನಾ ನಂಬಿರುತ್ತಾಳೆ. ಜರ್ಮನ್ ಸೇನಾಪತಿ ಲ್ಯೂಡೆನ್‌ಡಾರ್ಫ್‌ನೇ ಅವನೆಂದು ತಿಳಿದು ಕೊಲ್ಲುತ್ತಾಳೆ. ಹೊರಗೆ ಸಿಪಾಯಿಗಳು ವಿಷದ ಡಬ್ಬಿಗಳನ್ನು ಮೊದಲಿನಂತೆಯೇ ಹೊರುತ್ತಿರುತ್ತಾರೆ! ಮನುಷ್ಯರನ್ನು ಕೆಡಿಸಲು ದೇವತೆಯೇ ಬೇಕಾಗಿಲ್ಲ ಎಂಬುದು ಆ ಮುಖಕ್ಕೆ ಬಡಿಯುವ ಕ್ಷಣ ಚಿತ್ರದ ಅತ್ಯಂತ ಪ್ರಬುದ್ಧ ಕ್ಷಣ. ಇದಾದ ಮೇಲೆ ನಿಜವಾದ ಆರೆಸ್ ಬರುತ್ತಾನೆ. ಬೆಂಕಿ, ಮಿಂಚು, ಹಾರಾಡುವ ಕಬ್ಬಿಣ, ಕಂಪ್ಯೂಟರಿನ ಕತ್ತಲೆ. ಅವನು ಸತ್ತೊಡನೆ ಸಿಪಾಯಿಗಳು ಮಂಕುಬೂದಿ ಹಾರಿದವರಂತೆ ಎಚ್ಚೆತ್ತು ತಬ್ಬಿಕೊಳ್ಳುತ್ತಾರೆ. ಕಟ್ಟಿದ ಮಾತನ್ನು ಚಿತ್ರ ತಾನೇ ಕೆಡವಿಕೊಂಡಿತು. ತಾವು ಯೋಚಿಸಿದ್ದು ಇದಕ್ಕಿಂತ ಚಿಕ್ಕ ಮುಕ್ತಾಯ, ಸ್ಟುಡಿಯೊ ಕಡೆಗಳಿಗೆಯಲ್ಲಿ ಬದಲಿಸುವಂತೆ ಮಾಡಿತು ಎಂದು ಜೆಂಕಿನ್ಸ್ ಆಮೇಲೆ ಹೇಳಿದರು. ನಂಬುವಂತಿದೆ.

ಆ ಗದ್ದಲದಲ್ಲೂ ಒಂದನ್ನು ಅವರು ಉಳಿಸಿಕೊಂಡಿದ್ದಾರೆ. ಅನಿಲ ತುಂಬಿದ ವಿಮಾನವನ್ನು ತಾನೇ ಹಾರಿಸಿಕೊಂಡು ಹೋಗುವ ಮುನ್ನ ಸ್ಟೀವ್ ಅವಳಿಗೆ ತನ್ನ ತಂದೆಯ ಗಡಿಯಾರ ಕೊಟ್ಟು ಏನೋ ಹೇಳುತ್ತಾನೆ. ಸ್ಫೋಟದ ಸದ್ದಿಗೆ ಅವಳ ಕಿವಿ ಕಿವುಡಾಗಿದೆ. ನಮಗೂ ಕೇಳಿಸುವುದಿಲ್ಲ. ಅವನ ತುಟಿ ಮಾತ್ರ ಆಡುತ್ತಿರುತ್ತದೆ, ಅವಳು ಗಡಿಯಾರ ಹಿಡಿದು ನಿಂತಿರುತ್ತಾಳೆ.